ಕೈನೋವಿಗೆ ಕಂಪ್ರೆಷನ್ ಗ್ಲೌಸ್: ಬಿಗಿ ಎಷ್ಟಿರಬೇಕು, ಎಷ್ಟು ಹೊತ್ತು ಹಾಕಬೇಕು?

ಬೆಳಗ್ಗೆ ಎದ್ದ ತಕ್ಷಣ ಬೆರಳು ಮಡಚಲು ಆಗುವುದಿಲ್ಲ. ಹಾಲಿನ ಪ್ಯಾಕೆಟ್‌ಗೆ ಕತ್ತರಿ ಹಾಕಿದರೆ ಹೆಬ್ಬೆರಳ ಬುಡದಲ್ಲಿ ಚುಳ್ ಅನ್ನುತ್ತದೆ. ಇಂಥ ನೋವು ತಿಂಗಳುಗಟ್ಟಲೆ ಇರುವವರಿಗೆ ಯಾರಾದರೂ ಒಬ್ಬರು ‘ಕಂಪ್ರೆಷನ್ ಗ್ಲೌಸ್ ಹಾಕಿ ನೋಡಿ’ ಅಂತ ಹೇಳಿಯೇ ಇರುತ್ತಾರೆ. ಅಂದರೆ ಕೈಯನ್ನು ಸುತ್ತಲಿಂದ ಒತ್ತಿ ಹಿಡಿಯುವ, ಹಿಗ್ಗುವ ಬಟ್ಟೆಯ ಗ್ಲೌಸ್. ಆದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಯಾವ ಅಳತೆ, ಎಷ್ಟು ಹೊತ್ತು, ಯಾರು ಹಾಕಬಾರದು ಅನ್ನುವುದು ಗೊತ್ತಿಲ್ಲದೆ ಜನ ಕೈಗೆ ಸಿಕ್ಕಿದ ಬಿಗಿ ಜೋಡಿಯನ್ನು ತಂದು, ಎರಡು ರಾತ್ರಿ ಹಾಕಿ, ಕೈ ಮರಗಟ್ಟಿತು ಅಂತ ಬೀರುವಿನ ಮೂಲೆಗೆ ತಳ್ಳುತ್ತಾರೆ.

ಇದು ಮಾಡುವ ಕೆಲಸ ಸರಳ. ಕೀಲಿನ ಸುತ್ತ ನೀರು ಸೇರಿ ಊದಿಕೊಂಡಾಗ ಬೆರಳು ಬಿಗಿಯುತ್ತದೆ. ಸುತ್ತಲಿಂದ ಒಂದೇ ಸಮ ಹಗುರವಾಗಿ ಒತ್ತಿದರೆ ಊತ ಸ್ವಲ್ಪ ಇಳಿಯುತ್ತದೆ, ಕೈ ಬೆಚ್ಚಗೂ ಇರುತ್ತದೆ. ಇದರಲ್ಲಿ ಒತ್ತಡದ ಪಾಲೆಷ್ಟು, ಬೆಚ್ಚಗಿನ ಪಾಲೆಷ್ಟು? ಬ್ರಿಟನ್‌ನಲ್ಲಿ ಕೀಲುವಾತ ಇದ್ದ 206 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವರಿಗೆ ಬಿಗಿ ಗ್ಲೌಸ್, ಉಳಿದವರಿಗೆ ಸಡಿಲ ಗ್ಲೌಸ್ ಕೊಟ್ಟು 12 ವಾರ ಬಿಟ್ಟು ನೋಡಿದರೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ನನ್ನ ಮಟ್ಟಿಗೆ ಇದರ ಅರ್ಥ ಇಷ್ಟೇ: ಜಾಸ್ತಿ ಬಿಗಿ ಇದ್ದರೆ ಜಾಸ್ತಿ ಗುಣ ಅನ್ನುವ ನಂಬಿಕೆಯನ್ನು ಬಿಟ್ಟುಬಿಡಿ. ಹಿತವಾಗಿ, ಬೆಚ್ಚಗೆ ಕೂರುವ ಗ್ಲೌಸ್ ಸಾಕು. ತಾಮ್ರದ ಎಳೆ ಇದೆ ಅಂತ ದುಪ್ಪಟ್ಟು ದುಡ್ಡು ಕೊಡುವುದಂತೂ ಬೇಡವೇ ಬೇಡ, ಅದರಿಂದ ನೋವು ಇಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ಮೊದಲು ಅಳತೆ

ಟೇಲರ್ ಟೇಪ್ ತೆಗೆದುಕೊಳ್ಳಿ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಹೆಬ್ಬೆರಳನ್ನು ಬಿಟ್ಟು, ನಾಲ್ಕು ಬೆರಳುಗಳ ಬುಡದ ಗೆಣ್ಣಿನ ಸುತ್ತ ಟೇಪ್ ಸುತ್ತಿ. ಎರಡೂ ಕೈ ಅಳೆಯಿರಿ, ಒಂದು ಊದಿರಬಹುದು. ಊತ ದಿನದಲ್ಲಿ ಏರಿಳಿಯುತ್ತಿದ್ದರೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ.

ಬೆರಳ ತುದಿ ತೆರೆದಿರುವ, ನೈಲಾನ್ ಮತ್ತು ಲೈಕ್ರಾ ಸೇರಿದ ತೆಳು ಬಟ್ಟೆಯ ಗ್ಲೌಸ್ ಒಳ್ಳೆಯದು. ಉಗುರಿನ ಬಣ್ಣ ಕಾಣುತ್ತದೆ, ಫೋನ್ ಬಳಸಬಹುದು, ಗುಂಡಿ ಹಾಕಿಕೊಳ್ಳಬಹುದು. ಹೊಲಿಗೆ ಹೊರಗಡೆ ಇದೆಯಾ ನೋಡಿ. ಒಳಗಿದ್ದರೆ ಊದಿದ ಗೆಣ್ಣಿಗೆ ಒತ್ತಿ ರಾತ್ರಿಯೆಲ್ಲ ಕಾಡುತ್ತದೆ.

ಹಾಕುವ ಕ್ರಮ

ಉಂಗುರ, ಬಳೆ ತೆಗೆದಿಡಿ. ಕೈ ಪೂರ್ತಿ ಒಣಗಿರಲಿ. ಗ್ಲೌಸಿನ ಮಣಿಕಟ್ಟಿನ ಭಾಗ ಮಡಚಿಕೊಂಡು ಒಂದೊಂದೇ ಬೆರಳು ತೂರಿಸಿ, ಬೆರಳ ಸಂದಿಗಳನ್ನು ಇನ್ನೊಂದು ಕೈಯಿಂದ ಒತ್ತಿ ಕೂರಿಸಿ, ಆಮೇಲೆ ಮಡಿಕೆ ಬಿಚ್ಚಿ. ಮಣಿಕಟ್ಟಿನ ಹತ್ತಿರ ಬಟ್ಟೆ ಸುಕ್ಕುಗಟ್ಟಿ ನಿಂತಿದ್ದರೆ ಸರಿಮಾಡಲೇಬೇಕು. ಆ ಸುಕ್ಕು ದಾರ ಕಟ್ಟಿದ ಹಾಗೆ ಒಂದೇ ಕಡೆ ಬಿಗಿದು, ಅದರ ಮುಂದಿನ ಕೈಯಲ್ಲಿ ಊತ ಜಾಸ್ತಿ ಮಾಡುತ್ತದೆ.

ಮೊದಲ ದಿನವೇ ಹಾಕಿಕೊಂಡು ಮಲಗಬೇಡಿ. ಹಗಲಲ್ಲಿ, ಎಚ್ಚರ ಇರುವಾಗ, ಒಂದು ತಾಸು ಹಾಕಿ ನೋಡಿ. ಹಾಕಿದ ಕಾಲು ಗಂಟೆಗೆ ಒಂದು ಉಗುರನ್ನು ಒತ್ತಿ ಹಿಡಿದು ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ತಡವಾದರೆ, ತುದಿ ನೀಲಿಯಾದರೆ, ತಣ್ಣಗಾದರೆ, ಜುಮ್ಮೆಂದರೆ ತಕ್ಷಣ ಬಿಚ್ಚಿಬಿಡಿ. ತೊಂದರೆ ಇಲ್ಲ ಅಂದರೆ ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾ ಹೋಗಿ, ಆಮೇಲೆ ರಾತ್ರಿಗೆ. ಬೆಳಗಿನ ಬಿಗಿತವೇ ದೊಡ್ಡ ಕಾಟ ಆಗಿರುವವರು ಹೆಚ್ಚಾಗಿ ಬಳಸುವುದು ರಾತ್ರಿ ಹೊತ್ತಿನಲ್ಲೇ. ಬಿಚ್ಚಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟು, ನಿಧಾನವಾಗಿ ಮುಷ್ಟಿ ಕಟ್ಟಿ ಬಿಚ್ಚುವುದನ್ನೂ ಸೇರಿಸಿಕೊಳ್ಳಿ. ಸುಮ್ನೆ ಗ್ಲೌಸ್ ಹಾಕಿ ಕೂತರೆ ಬೆರಳು ಇನ್ನೂ ಬಿಗಿಯುತ್ತದೆ.

ಒಲೆ ಮುಂದೆ ಇದನ್ನು ಹಾಕಲೇಬೇಡಿ. ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕೂತಾಗಲೂ ಬೇಡ, ನುಣುಪು ಬಟ್ಟೆಯಲ್ಲಿ ಹಿಡಿತ ಜಾರಿದರೆ ಕೈಯೇ ಕತ್ತಿಗೆ ಹೋಗುತ್ತದೆ. ಸುಲಿದು ಮುಗಿಸಿ, ಕೈ ತೊಳೆದು ಒರೆಸಿಕೊಂಡ ಮೇಲೆ ಹಾಕಿ. ಕರಾವಳಿಯ ಸೆಕೆಯಲ್ಲಿ ಇರುವವರು ಬೆರಳ ಸಂದಿಯ ಚರ್ಮ ಬೆವರಿಗೆ ಬೆಳ್ಳಗೆ ನೆನೆದಿದೆಯಾ ಅಂತ ಆಗಾಗ ನೋಡಿಕೊಳ್ಳಬೇಕು.

ತಣ್ಣೀರಲ್ಲಿ ಸೋಪು ಹಾಕಿ ಒಗೆದು, ಹಿಂಡದೆ, ನೆರಳಲ್ಲಿ ಒಣಗಿಸಿ. ಎಳೆತ ಹೋಗಿ ಜೋಲುಬಿದ್ದರೆ ಹೊಸದು ತನ್ನಿ.

ಯಾರಿಗೆ ಬೇಡ

ಸಕ್ಕರೆ ಕಾಯಿಲೆಯಿಂದ ಕೈಯ ಸ್ಪರ್ಶ ಕಮ್ಮಿ ಆಗಿರುವವರು, ಕೈಗೆ ರಕ್ತ ಸರಿಯಾಗಿ ಹರಿಯದವರು, ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುವವರು ಡಾಕ್ಟರನ್ನು ಕೇಳದೆ ಹಾಕಬಾರದು. ಗಾಯ, ಕೀವು ಇದ್ದರೂ ಬೇಡ. ಇನ್ನೊಂದು ಮುಖ್ಯ ವಿಷಯ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಹಾಯೆನಿಸುತ್ತದೆ ಅಂದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಕಾರ್ಪಲ್ ಟನಲ್ ತೊಂದರೆ ಇರಬಹುದು. ಅಲ್ಲಿ ಇನ್ನಷ್ಟು ಒತ್ತುವುದರಲ್ಲಿ ಅರ್ಥ ಇಲ್ಲ. ಮಣಿಕಟ್ಟನ್ನು ನೆಟ್ಟಗೆ ಹಿಡಿಯುವ ಸ್ಪ್ಲಿಂಟ್ ಅದಕ್ಕೆ ಸರಿ.

ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇದ್ದು, ಎರಡೂ ಕೈಯ ಗೆಣ್ಣುಗಳು ಊದಿ ಆರು ವಾರ ದಾಟಿದ್ದರೆ ಗ್ಲೌಸ್ ನಂಬಿ ಕೂರಬೇಡಿ, ರುಮಟಾಲಜಿಸ್ಟ್ (ಕೀಲುವಾತದ ತಜ್ಞ ಡಾಕ್ಟರ್) ಹತ್ತಿರ ಹೋಗಿ. ಅದು ರುಮಟಾಯ್ಡ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕೀಲುವಾತ ಆಗಿದ್ದರೆ ಕೀಲು ಸವೆಯುವುದನ್ನು ತಡೆಯುವುದು ಮಾತ್ರೆ, ಅದನ್ನು ಬೇಗ ಶುರುಮಾಡಿದಷ್ಟೂ ಬೆರಳು ಉಳಿಯುತ್ತದೆ. ಹೋದಾಗ ಹಿಂದೆ ಚಿಕುನ್‌ಗುನ್ಯಾ ಬಂದಿತ್ತಾ ಅನ್ನುವುದನ್ನೂ ಹೇಳಿ. 2006ರಲ್ಲಿ ನಮ್ಮ ರಾಜ್ಯದಲ್ಲಿ ಅದು ಹಬ್ಬಿದಾಗ ಜ್ವರ ಬಿಟ್ಟು ಎಷ್ಟೋ ತಿಂಗಳಾದರೂ ಬೆರಳು ಮಡಚಲಾಗದೆ ಒದ್ದಾಡಿದವರು ಬೇಕಾದಷ್ಟು ಜನ. ಜ್ವರ ಬಂದದ್ದು ಯಾವ ತಿಂಗಳು, ನೋವು ಮೊದಲು ಶುರುವಾದದ್ದು ಯಾವ ಗೆಣ್ಣಿನಲ್ಲಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೂ ಸುಲಭ.