ದೊಡ್ಡವರಾದ ಮೇಲೆ ಎಡಿಎಚ್‌ಡಿ ತಪಾಸಣೆ: ಓಪಿಡಿಗೆ ಹೋಗುವ ಮುನ್ನ ನಾನು ಮಾಡಿಕೊಂಡ ತಯಾರಿ

ದೊಡ್ಡವರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ಆತುರ ಸಣ್ಣಂದಿನಿಂದಲೇ ಇರುವ ಸ್ಥಿತಿ) ಇದೆಯೇ ಎಂದು ನೋಡುವಾಗ ವೈದ್ಯರಿಗೆ ಬೇಕಾಗುವುದು ಬಾಲ್ಯದ ಪುರಾವೆ. ಈಗ ಎಷ್ಟೇ ತೊಂದರೆ ಇರಲಿ, 12 ವರ್ಷದೊಳಗೇ ಹಲವು ಲಕ್ಷಣ ಇದ್ದವೆಂದು ಕಾಣದಿದ್ದರೆ ಮನೋವೈದ್ಯರು ಬಳಸುವ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಆ ಹೆಸರು ಕೊಡುವಂತಿಲ್ಲ. ಹಾಗಾಗಿ ಕೆಲಸ ಶುರುವಾಗುವುದು ಮನೆಯ ಟ್ರಂಕಿನಿಂದ.

ಪ್ರಾಥಮಿಕ ಶಾಲೆಯ ಪ್ರಗತಿ ಪತ್ರ ಸಿಕ್ಕರೆ ಅಂಕಕ್ಕಿಂತ ಮೊದಲು ಷರಾ ಓದಿ. ‘ಜಾಣ, ಆದರೆ ಲಕ್ಷ್ಯ ಇಲ್ಲ’ ಎಂಬ ಒಂದು ಸಾಲು ಬಹಳ ಹೇಳುತ್ತದೆ. ಒಳ್ಳೆ ಅಂಕ ಬಂದಿದ್ದರೆ ಎಡಿಎಚ್‌ಡಿ ಇಲ್ಲವೆಂದು ಅರ್ಥವಲ್ಲ. ಪತ್ರ ಸಿಗದಿದ್ದರೆ ತಾಯಿ, ಅಕ್ಕ, ಸೋದರಮಾವ, ಯಾರು ಹತ್ತಿರದಿಂದ ನೋಡಿದ್ದರೋ ಅವರನ್ನು ಕೇಳಬೇಕು. ‘ಸಣ್ಣಾಂವ ಇದ್ದಾಗ ನಾ ಹ್ಯಾಂಗಿದ್ದೆ?’ ಅಂದರೆ ‘ಭಾಳ ಶಾಣ್ಯಾ ಇದ್ದಿ’ ಅಂತಲೇ ಉತ್ತರ ಬರುತ್ತದೆ. ಅದರಿಂದ ಪ್ರಯೋಜನವಿಲ್ಲ. ನಾನು ಕೇಳಿದ್ದು ಹೀಗೆ: ಅಂಗಡಿಗೆ ಮೂರು ಸಾಮಾನಿಗೆ ಕಳಿಸಿದರೆ ಎಷ್ಟು ತರುತ್ತಿದ್ದೆ? ಉಣ್ಣಲು ಕೂತಾಗ ನಡುವೆ ಎದ್ದು ಹೋಗುತ್ತಿದ್ದೆನೇ? ಚಪ್ಪಲಿ, ಪೆನ್ಸಿಲ್ ಎಷ್ಟು ಕಳೆಯುತ್ತಿದ್ದೆ? ಮನೆಮಾತು ತೆಲುಗೋ ಉರ್ದುವೋ ಆಗಿದ್ದರೆ ಅದರಲ್ಲೇ ಕೇಳಿ. ಉತ್ತರವನ್ನು ಅವರ ಮಾತಿನಲ್ಲೇ, ಯಾವ ತರಗತಿಯ ವಿಷಯ ಎಂಬುದರ ಸಮೇತ ಬರೆದುಕೊಳ್ಳಿ.

ಇದೆಲ್ಲ ಒಂದೇ ಹಾಳೆಯಲ್ಲಿರಲಿ. ಒಂದು ಬದಿ ಬಾಲ್ಯ, ಇನ್ನೊಂದು ಬದಿ ಈಗಿನದು. ‘ಗಮನ ನಿಲ್ಲುವುದಿಲ್ಲ’ ಎಂದು ಬರೆದರೆ ಸಾಲದು. ‘ದುಡ್ಡಿದ್ದೂ ವಿಮೆ ಕಂತು ಕಟ್ಟದೆ ಪಾಲಿಸಿ ಹೋಯಿತು’ ಎಂದು ಬರೆಯಿರಿ. ಮನೆ, ಕೆಲಸ ಎರಡೂ ಕಡೆಯ ಉದಾಹರಣೆ ಬೇಕು, ಏಕೆಂದರೆ ಒಂದೇ ಜಾಗದಲ್ಲಿ ತೊಂದರೆ ಇದ್ದರೆ ಕಾರಣ ಆ ಜಾಗದಲ್ಲೇ ಇರಬಹುದು. ಡಿಎಸ್‌ಎಂ-5ರ ಪಟ್ಟಿಯಲ್ಲಿ ಎರಡು ಗುಂಪು: ಗಮನ ನಿಲ್ಲದಿರುವ ಒಂಬತ್ತು ಲಕ್ಷಣ, ಚಡಪಡಿಕೆ-ಆತುರದ ಒಂಬತ್ತು ಲಕ್ಷಣ. 17 ತುಂಬಿದವರಿಗೆ ಯಾವುದಾದರೊಂದು ಗುಂಪಿನಲ್ಲಿ ಐದಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ, ನಾವೇ ತುಂಬುವ ಎಡಿಎಚ್‌ಡಿ ಪ್ರಶ್ನಾವಳಿಯ ಮೊದಲ ಆರು ಪ್ರಶ್ನೆಗಳಲ್ಲಿ ನಾಲ್ಕಕ್ಕಾದರೂ ಉತ್ತರ ಅದರಲ್ಲಿ ಗುರುತಿಸಿದ ಮಿತಿ ಮುಟ್ಟಿದರೆ ತಪಾಸಣೆಗೆ ಹೋಗುವುದು ಯೋಗ್ಯ, ಅಷ್ಟೇ. ಅದೇ ರೋಗನಿರ್ಣಯವಲ್ಲ. ಮಿದುಳಿನ ಸ್ಕ್ಯಾನಿನಲ್ಲೂ, ಇಇಜಿಯಲ್ಲೂ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಇದು ಗೊತ್ತಾಗುವುದಿಲ್ಲ. ಅದಕ್ಕೆಂದು ದುಡ್ಡು ಸುರಿಯಬೇಡಿ.

ಮರೆವು, ಸುಸ್ತಿಗೆ ಬೇರೆ ಕಾರಣ ಇದೆಯೇ ಎಂದೂ ವೈದ್ಯರು ನೋಡುತ್ತಾರೆ; ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ರಿಪೋರ್ಟ್ ಮೊದಲೇ ಇದ್ದರೆ ಒಂದು ಸುತ್ತು ತಪ್ಪುತ್ತದೆ. ನಿದ್ರೆಯ ವಿಷಯ ಮುಚ್ಚಿಡಬೇಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ರಾತ್ರಿ ಪಾಳಿ ಮಾಡುವವರಿಗೆ, ಜೋರು ಗೊರಕೆಯವರಿಗೆ ನಿದ್ದೆಗೇಡಿನಿಂದಲೇ ಇಂಥ ಮರೆವು ಬರಬಹುದು. ಗುಟ್ಕಾ, ಕುಡಿತವನ್ನೂ ಹೇಳಿ. ಖಿನ್ನತೆಯಲ್ಲೂ ಗಮನ ನಿಲ್ಲುವುದಿಲ್ಲ, ಆದರೆ ಅದು ಸಾಮಾನ್ಯವಾಗಿ ಒಂದು ಕಾಲಕ್ಕೆ ಶುರುವಾಗುತ್ತದೆ. ಎಡಿಎಚ್‌ಡಿ ಸಣ್ಣಂದಿನಿಂದ ಬಿಡದೆ ಇರುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಹೋಗಬೇಕಾದದ್ದು ಸೈಕಿಯಾಟ್ರಿ (ಮನೋವೈದ್ಯ) ವಿಭಾಗಕ್ಕೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ, ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು, ಹಾಗಾಗಿ ಇದಕ್ಕೆಲ್ಲ ಬೆಂಗಳೂರೇ ಗತಿ ಎಂದು ಕೂರಬೇಕಿಲ್ಲ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಓಪಿಡಿಯಲ್ಲಿ ಗದ್ದಲ ಇರುತ್ತದೆ. ಕೂತ ತಕ್ಷಣ ‘ದೊಡ್ಡವರ ಎಡಿಎಚ್‌ಡಿಗೆ ಪೂರ್ತಿ ಸಂದರ್ಶನ ಬೇಕು, ಯಾವ ದಿನ ಬರಲಿ?’ ಎಂದು ಕೇಳಿ ಹಾಳೆ ಕೊಡಿ. ಆ ದಿನಕ್ಕೆ ನಿಮ್ಮನ್ನು ಸಣ್ಣಂದಿನಿಂದ ಬಲ್ಲವರನ್ನು ಕರೆದೊಯ್ಯಿರಿ, ಆಗದಿದ್ದರೆ ಫೋನಿಗೆ ಸಿಗುವಂತೆ ಹೇಳಿಡಿ.

ಮಾತ್ರೆ ಬರೆಯುವ ಮುನ್ನ ಬಿಪಿ, ನಾಡಿ ನೋಡಿಸಿಕೊಳ್ಳಿ. ಮನೆತನದ ಹೃದಯದ ಕಾಯಿಲೆ, ಹಿಂದೆ ಉನ್ಮಾದ (ಮೇನಿಯಾ: ದಿನಗಟ್ಟಲೆ ಅತಿ ಹುರುಪು, ನಿದ್ದೆಯೇ ಬೇಡವೆನಿಸುವುದು) ಬಂದಿದ್ದರೆ ಅದನ್ನೂ ತಿಳಿಸಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಕೆಳಗೆ ಬರುವುದರಿಂದ ಎಲ್ಲ ಮೆಡಿಕಲ್ ಶಾಪಿನಲ್ಲೂ ಇಡುವುದಿಲ್ಲ, ಮೂಲ ಚೀಟಿ ಇಲ್ಲದೆ ಕೊಡುವುದಿಲ್ಲ. ಎಲ್ಲಿ ಸಿಗುತ್ತದೆಂದು ವೈದ್ಯರ ಕೋಣೆಯಲ್ಲೇ ಕೇಳಿಕೊಳ್ಳಿ. ಅದರ ಪರಿಣಾಮ ಅದೇ ದಿನ ತಿಳಿಯುತ್ತದೆ; ಇನ್ನೊಂದು ಔಷಧ ಅಟೊಮೊಕ್ಸೆಟಿನ್‌ಗೆ ವಾರಗಟ್ಟಲೆ ಕಾಯಬೇಕು, ಎಂಟು ದಿನಕ್ಕೇ ‘ಕೆಲಸ ಮಾಡಲಿಲ್ಲ’ ಎಂದು ಬಿಡಬೇಡಿ. ರೋಗನಿರ್ಣಯವನ್ನು ಬರಹದಲ್ಲಿ ಪಡೆಯಿರಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಿಮ್ಮ ದಾಖಲೆ ನೋಡುವ ಹಕ್ಕು ನಿಮಗಿದೆ, ಊರು ಬದಲಿಸಿದಾಗ ಮುಂದಿನ ವೈದ್ಯರು ಮೊದಲು ಕೇಳುವುದು ಅದನ್ನೇ.