ಒಂದೇ ಗಿಡದಿಂದ ಹೊಸ ತಳಿ ಮಾಡೋದು ಹೇಗೆ, ಶಿರೆಫ್ ಸ್ಟೈಲಲ್ಲಿ

ಲ್ಯಾಬ್ ಬೇಡ, ಡಿಗ್ರಿನೂ ಬೇಡ, ಪ್ಯಾಟ್ರಿಕ್ ಶಿರೆಫ್ ಅನ್ನೋ ಸ್ಕಾಟ್ಲೆಂಡ್ ರೈತನ ಹತ್ರ ಎರಡೂ ಇರ್ಲಿಲ್ಲ.

ಮೊದಲು ಬೆಳೆ ಕೆಟ್ಟಿರೋ ಟೈಮಲ್ಲೇ ಹೊಲ ಸುತ್ತಿ. 1819ರಲ್ಲಿ ಹ್ಯಾಡಿಂಗ್ಟನ್ ಹತ್ರ ಮಂಗೋಸ್‌ವೆಲ್ಸ್ ಫಾರ್ಮಲ್ಲಿ ಗೋಧಿ ಸೊರಗಿ ನಿಂತಿತ್ತು, ಅದರ ಮಧ್ಯೆ ಒಂದೇ ಒಂದು ಗಿಡ ಮಾತ್ರ ಕಡು ಹಸಿರಾಗಿ ತೆಂಡೆ (ಬುಡದಿಂದ ಒಡೆಯೋ ಕವಲು) ಹೊಡ್ಕೊಂಡು ನಿಂತಿತ್ತಂತೆ, ಈತ ಅದನ್ನ ಗುರುತು ಮಾಡಿ ಅಕ್ಕಪಕ್ಕದ ಗಿಡ ಎಲ್ಲಾ ಕಿತ್ತು ಗೊಬ್ಬರ ಕೊಟ್ಟ. ಬಂದಿದ್ದು 63 ತೆನೆ, 2473 ಕಾಳು! ಕೂತು ಎಣಿಸಿದಾನೆ ಪುಣ್ಯಾತ್ಮ.

ಬದುವಿನ ಪಕ್ಕದ ಗಿಡ ಆರಿಸ್ಬೇಡಿ, ಅಲ್ಲಿ ಜಾಗ ಬಿಸಿಲು ಜಾಸ್ತಿ ಸಿಕ್ಕಿ ಸುಮ್ನೆ ದಪ್ಪ ಕಾಣುತ್ತೆ. ಆರಿಸಿದ್ದನ್ನ ಬೇರೆಯಾಗಿ ಕೊಯ್ದು ಬೇರೆಯಾಗೇ ಒಣಗಿಸಿ, ಮನೆ ರಾಶಿಗೆ ಸೇರಿದ್ರೆ ಕಥೆ ಮುಗೀತು.

ಮುಂದಿನ ಬಿತ್ತನೆಗೆ ಕಾಳು ಚೆಲ್ಲಬೇಡಿ, ಒಂದೊಂದೇ ಊರಿ. ಶಿರೆಫ್ ಕೂಡ ಹಾಗೇ ಅಂತರ ಬಿಟ್ಟು ಊರಿದ್ದ. ಪಕ್ಕದಲ್ಲೇ ನಿಮ್ಮ ಹಳೇ ಬೀಜದ ಸಾಲೂ ಇರ್ಲಿ, ಗೊಬ್ಬರ ನೀರು ಇಬ್ರಿಗೂ ಒಂದೇ, ಯಾಕಂದ್ರೆ 63 ತೆನೆ ಬಂದಿದ್ದು ತಳಿಯಿಂದಾನೋ ಆ ಉಪಚಾರದಿಂದಾನೋ ಅಂತ ಗೊತ್ತಾಗೋದು ಇಲ್ಲೇ. ಮಕ್ಕಳು ಅಪ್ಪನ ಹಾಗಿಲ್ಲ ಅಂದ್ರೆ ಬಿಟ್ಬಿಡಿ.

ಇದು ಗೋಧಿ ಓಟ್ಸ್ ಥರ ತನ್ನ ಪರಾಗದಲ್ಲೇ ಕಾಳು ಕಟ್ಟೋ ಬೆಳೆಗಷ್ಟೇ ಸರಿ, ಜೋಳದಲ್ಲಿ, ಅದೇ ಮುಸುಕಿನ ಜೋಳ, ಗಾಳಿಗೆ ಪರಾಗ ಬೆರೆತು ಎಲ್ಲಾ ಕಲಸುಮೇಲೋಗರ. ಈತ 1824ರಲ್ಲಿ ಹಿಡಿದ ಹೋಪ್‌ಟೌನ್ ಅನ್ನೋ ಓಟ್ಸ್ ತಳಿನೂ ಹೀಗೇ ಸಿಕ್ಕ ಒಂಟಿ ಗಿಡನೇ.