ದಪ್ಪ ಅಕ್ಷರವಿಲ್ಲದ ರಿಪೋರ್ಟು

ತಾಲ್ಲೂಕು ಆಸ್ಪತ್ರೆಗೆ ಹೆರಿಗೆ ವೈದ್ಯೆಯಾಗಿ ಬಂದ ಹೊಸದರಲ್ಲಿ, ರಕ್ತದ ರಿಪೋರ್ಟು ಕೈಗೆ ಬಂದರೆ ನನ್ನ ಕಣ್ಣು ದಪ್ಪ ಅಕ್ಷರಗಳನ್ನು ಹುಡುಕುತ್ತಿತ್ತು. ಮಿತಿ ಮೀರಿದ ಅಂಕಿಯನ್ನು ಲ್ಯಾಬಿನವರು ದಪ್ಪಗೆ ಮುದ್ರಿಸುತ್ತಾರೆ. ಆ ಮಿತಿ ಬಸುರಿಯರಿಗಾಗಿ ಹಾಕಿದ್ದಲ್ಲ ಎಂಬುದನ್ನು ಓದಿ ತಿಳಿದಿದ್ದೆ; ಮನಸ್ಸಿಗೆ ನಾಟಿದ್ದು ಒಬ್ಬ ಚೊಚ್ಚಲ ಗರ್ಭಿಣಿಯಿಂದ.

ಅವಳಿಗೆ 34 ವಾರ. ಮುಖ ಕೊಂಚ ಊದಿತ್ತು, ರಕ್ತದೊತ್ತಡ 140/90. “ನಿನ್ನೆಯಿಂದ ಗ್ಯಾಸ್ಟ್ರಿಕ್, ಡಾಕ್ಟರಮ್ಮ. ಎದೆಗೂಡಿನ ಕೆಳಗೆ ಹಿಡಿದುಕೊಂಡಿದೆ” ಎಂದರು ಅವಳ ಅತ್ತೆ. ಹಿಮೋಗ್ಲೋಬಿನ್ 12.8, ಮೂತ್ರಪಿಂಡಗಳು ಸೋಸಿ ಹೊರಹಾಕುವ ಕಲ್ಮಶವಾದ ಕ್ರಿಯಾಟಿನಿನ್ 1.0, ಪ್ಲೇಟ್‌ಲೆಟ್ 1.52 ಲಕ್ಷ. ಒಂದೂ ದಪ್ಪ ಅಕ್ಷರವಿಲ್ಲ. ತಾಯಿ ಕಾರ್ಡ್ ತಿರುವುತ್ತಿದ್ದ ನರ್ಸ್ ಆಗ, “ಮೇಡಂ, ಹೋದ ತಿಂಗಳು ಹಿಮೋಗ್ಲೋಬಿನ್ 10.4, ಪ್ಲೇಟ್‌ಲೆಟ್ 2.4 ಲಕ್ಷ ಇತ್ತು” ಎಂದರು.

ಬಸುರಿನಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ ಹಿಮೋಗ್ಲೋಬಿನ್ ತುಸು ಇಳಿದೇ ಇರುತ್ತದೆ. ಮೂತ್ರಪಿಂಡಗಳು ಹೆಚ್ಚು ಸೋಸುವುದರಿಂದ ಕ್ರಿಯಾಟಿನಿನ್ ಸಾಮಾನ್ಯವಾಗಿ 0.8ರ ಒಳಗಿರುತ್ತದೆ. ಒಂದೇ ತಿಂಗಳಲ್ಲಿ ಇಷ್ಟು ಏರಿದ ಹಿಮೋಗ್ಲೋಬಿನ್ ಕಬ್ಬಿಣದ ಮಾತ್ರೆಯೊಂದರ ಫಲವಾಗಿರಲಾರದು. ಬಸುರಿನಲ್ಲಿ ರಕ್ತದೊತ್ತಡ ಏರಿ ಅಂಗಗಳಿಗೆ ಪೆಟ್ಟು ಕೊಡುವ ಪ್ರಿ-ಎಕ್ಲಾಂಪ್ಸಿಯಾ ಎಂಬ ಕಾಯಿಲೆಯಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಮೈ ಊದುತ್ತದೆ, ಒಳಗಿನ ರಕ್ತ ಮಂದವಾಗಿ ಹಿಮೋಗ್ಲೋಬಿನ್ ಏರಿದಂತೆ ಕಾಣುತ್ತದೆ. ಎಲ್ಲರೂ ಹಿಗ್ಗುವ ಆ ಅಂಕಿಯೇ ಇಲ್ಲಿ ಅಪಾಯದ ಸೂಚನೆಯಾಗಿತ್ತು.

ಮೂತ್ರದಲ್ಲಿ ಪ್ರೋಟೀನ್ ಇತ್ತು. ಆರು ಗಂಟೆ ಕಳೆದು ಮತ್ತೆ ರಕ್ತ ತೆಗೆಸಿದೆ: ಪ್ಲೇಟ್‌ಲೆಟ್ 96 ಸಾವಿರ, ಯಕೃತ್ತಿಗೆ ಪೆಟ್ಟಾದರೆ ಏರುವ ಎಸ್‌ಜಿಒಟಿ 180. ಕೆಂಪು ರಕ್ತಕಣಗಳು ಒಡೆದು, ಯಕೃತ್ತು ಘಾಸಿಗೊಂಡು, ಪ್ಲೇಟ್‌ಲೆಟ್ ಕುಸಿಯುವ ಹೆಲ್ಪ್ (HELLP) ಸಿಂಡ್ರೋಮ್ ಅದು. ಗ್ಯಾಸ್ಟ್ರಿಕ್ ಎಂದುಕೊಂಡಿದ್ದು ಯಕೃತ್ತಿನ ನೋವು. ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟೆವು: ರಕ್ತನಾಳಕ್ಕೆ ನಿಧಾನವಾಗಿ 4 ಗ್ರಾಂ, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ. ಒತ್ತಡಕ್ಕೆ ಲೆಬೆಟಲಾಲ್ ಕೊಟ್ಟು, ನರ್ಸ್ ಜೊತೆಯಲ್ಲಿ 108 ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಆ ರಾತ್ರಿಯೇ ಸಿಸೇರಿಯನ್ ಆಯಿತು. ಈ ಕಾಯಿಲೆಗೆ ಹೆರಿಗೆಯ ಹೊರತು ಬೇರೆ ಪರಿಹಾರವಿಲ್ಲ. ನಾಲ್ಕನೆಯ ದಿನ ಅವಳ ಪ್ಲೇಟ್‌ಲೆಟ್ ಲಕ್ಷ ದಾಟಿತು. ಮಗು ಎರಡು ವಾರ ನವಜಾತ ಶಿಶು ಘಟಕದಲ್ಲಿದ್ದು ಮನೆಗೆ ಹೋಯಿತು.

ಅಂದಿನಿಂದ ಪ್ರತಿ ತಾಯಿ ಕಾರ್ಡಿನ ಹಿಂಬದಿಯಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್‌ಗಳನ್ನು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಒತ್ತಡ ಏರಿದವರಿಗೆ ಕ್ರಿಯಾಟಿನಿನ್ ಮತ್ತು ಎಸ್‌ಜಿಒಟಿ ಸೇರಿಸುತ್ತೇನೆ. ಐದು ತಿಂಗಳು ದಾಟಿದವರು ಎದೆಗೂಡಿನ ಕೆಳಗೆ ನೋವೆಂದರೆ ಅಪರಾತ್ರಿಯಾದರೂ ಫೋನ್ ಮಾಡಿ ಎಂದು ಆಶಾ ಕಾರ್ಯಕರ್ತೆಯರಿಗೆ ಹೇಳಿದ್ದೇನೆ. ಲ್ಯಾಬಿನ ತಂತ್ರಜ್ಞರು ಈಗ ಗರ್ಭಿಣಿಯರ ರಿಪೋರ್ಟಿನಲ್ಲಿ ಹಿಂದಿನ ತಿಂಗಳ ಅಂಕಿಯನ್ನೂ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಾರೆ.